ಹಡಗು ಹಿಡಿದರು, ಆಮೇಲೇನಾಯ್ತು?

2022ರ ಮೇ ತಿಂಗಳು. ಪೆಸಿಫಿಕ್ ಸಾಗರದ ಪುಟ್ಟ ದೇಶ ಫಿಜಿ. ಅಲ್ಲಿನ ಲೌಟೋಕ ಬಂದರಿನಲ್ಲಿ ಬಿಳಿ ಅರಮನೆಯ ಹಾಗೆ ಒಂದು ಹಡಗು ನಿಂತಿತ್ತು. ಹೆಸರು ಅಮೇಡಿಯಾ. ಉದ್ದ 106 ಮೀಟರ್. ಒಂದು ಫುಟ್‌ಬಾಲ್ ಮೈದಾನವೇ ತೇಲಿಕೊಂಡು ಬಂದು ನಿಂತ ಹಾಗೆ ಅಂದುಕೊಳ್ಳಿ. ಬೆಲೆ 30 ಕೋಟಿ ಡಾಲರ್‌ಗೂ ಹೆಚ್ಚು. ಅಮೆರಿಕ ಕೇಳಿಕೊಂಡಿತು, ಫಿಜಿ ಪೊಲೀಸರು ಹಡಗು ಹತ್ತಿದರು. ಜಗತ್ತಿನ ಚಾನೆಲ್‌ಗಳಲ್ಲೆಲ್ಲಾ ಒಂದೇ ಸುದ್ದಿ: ರಷ್ಯಾದ ಕುಬೇರನ ಹಡಗು ವಶ!

ನೋಡಿ, ಬ್ರೇಕಿಂಗ್ ನ್ಯೂಸ್‌ಗೆ ಆಯಸ್ಸು ಎರಡು ದಿನ. ಆದರೆ ಈ ಹಡಗಿನ ಕಥೆ ಮೂರು ವರ್ಷ ಎಳೆಯಿತು. ಅದು ಯಾರದ್ದು? ಹಿಡಿದಿಟ್ಟ ಮೇಲೆ ಡೀಸೆಲ್ ಹಾಕುವವರು ಯಾರು, ಸಿಬ್ಬಂದಿಗೆ ಸಂಬಳ ಕೊಡುವವರು ಯಾರು? ಮಾರಿದರೆ ದುಡ್ಡು ಯಾರಿಗೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಒಬ್ಬ ಮನುಷ್ಯ ಎಷ್ಟೇ ಕೆಟ್ಟವನಿರಲಿ, ತಪ್ಪು ಸಾಬೀತಾಗುವ ಮೊದಲೇ ಅವನ ಆಸ್ತಿಯನ್ನು ಸರ್ಕಾರ ಕಿತ್ತುಕೊಳ್ಳಬಹುದಾ? ಈ ಪ್ರಶ್ನೆಗೆ ಅಮೆರಿಕ, ಕೆನಡಾ, ಬ್ರಿಟನ್, ಯುರೋಪ್ ಕೊಟ್ಟ ಉತ್ತರಗಳು ಒಂದೇ ಥರ ಇಲ್ಲ. ಒಂದೊಂದಾಗಿ ನೋಡೋಣ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ನಾವು ಎಲ್ಲಕ್ಕೂ 'ಮುಟ್ಟುಗೋಲು' ಅಂತೀವಿ. ಕಾನೂನಿನಲ್ಲಿ ಅದು ಮೂರು ಬೇರೆ ಬೇರೆ ಮೆಟ್ಟಿಲು. ಮೊದಲನೆಯದು ಫ್ರೀಜ್, ಅಂದರೆ ಸ್ತಂಭನ. ಆಸ್ತಿ ನಿಮ್ಮದೇ, ಆದರೆ ಮಾರುವಂತಿಲ್ಲ, ಬಳಸುವಂತಿಲ್ಲ. ಎರಡನೆಯದು ಸೀಜ್, ಅಂದರೆ ವಶ. ವಸ್ತು ಸರ್ಕಾರದ ಕೈಗೆ ಬಂತು, ಆದರೆ ಮಾಲೀಕತ್ವ ಇನ್ನೂ ನಿಮ್ಮ ಹೆಸರಿನಲ್ಲೇ ಇದೆ. ಮೂರನೆಯದು ಜಪ್ತಿ. ಇಲ್ಲಿ ಮಾಲೀಕತ್ವವೇ ಕೈಬದಲಾಗುತ್ತದೆ. ಕರೆಂಟ್ ಬಿಲ್ ಕಟ್ಟದಿದ್ದರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಸರಿ. ಅದೇ ಲೈನ್‌ಮನ್ ಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಂಡರೆ? ಫ್ಯೂಸ್ ವಾಪಸ್ ಹಾಕಬಹುದು, ಮನೆ ವಾಪಸ್ ಬರೋದು ಕಷ್ಟ. ಸ್ತಂಭನಕ್ಕೂ ಜಪ್ತಿಗೂ ಇರುವ ಅಂತರ ಇಷ್ಟು.

2022ರ ಫೆಬ್ರುವರಿ 24ರಂದು ರಷ್ಯಾ ಸೇನೆ ಉಕ್ರೇನ್ ಮೇಲೆ ದಾಳಿ ಶುರು ಮಾಡಿತು. ಪಾಶ್ಚಾತ್ಯ ದೇಶಗಳು ಯುದ್ಧಕ್ಕೆ ಇಳಿಯಲಿಲ್ಲ, ನಿರ್ಬಂಧ ಹೇರಿದವು. ಗುರಿ ಇಟ್ಟಿದ್ದು ರಷ್ಯಾದ ಶ್ರೀಮಂತರ ಮೇಲೆ, ಅಂದರೆ ಆಲಿಗಾರ್ಕ್‌ಗಳ ಮೇಲೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಸರ್ಕಾರಿ ತೈಲ, ನಿಕ್ಕಲ್, ಅಲ್ಯೂಮಿನಿಯಂ ಕಂಪನಿಗಳು ಕಡಿಮೆ ಬೆಲೆಗೆ ಖಾಸಗಿಯವರ ಪಾಲಾದವು. ಅದರಿಂದ ರಾತ್ರೋರಾತ್ರಿ ಕುಬೇರರಾದವರು ಇವರಲ್ಲಿ ಹಲವರು. ದುಡ್ಡು ಮಾಡಿದ್ದು ರಷ್ಯಾದಲ್ಲಿ, ಇಟ್ಟಿದ್ದು ಲಂಡನ್‌ನಲ್ಲಿ, ಖರ್ಚು ಮಾಡಿದ್ದು ಮೆಡಿಟರೇನಿಯನ್ ಸಮುದ್ರದಲ್ಲಿ. ಇವರಿಗೆ ಬಿಸಿ ಮುಟ್ಟಿಸಿದರೆ ಪುಟಿನ್‌ಗೆ ಬಿಸಿ ಮುಟ್ಟುತ್ತದೆ ಎಂಬುದು ಲೆಕ್ಕಾಚಾರ. 2022ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ 'ಕ್ಲೆಪ್ಟೋಕ್ಯಾಪ್ಚರ್' ಎಂಬ ವಿಶೇಷ ತಂಡವನ್ನೇ ಕಟ್ಟಿತು.

ನಿರ್ಬಂಧದ ಪಟ್ಟಿಗೆ ಹೆಸರು ಸೇರಿಸೋದು ಸುಲಭ. ಅದಕ್ಕೆ ಕೋರ್ಟ್ ಬೇಕಿಲ್ಲ, ಸರ್ಕಾರದ ಆದೇಶ ಸಾಕು. ಆ ಕ್ಷಣದಿಂದಲೇ ಆಸ್ತಿ ಸ್ತಂಭನ. ಫ್ಯೂಸ್ ಕಿತ್ತಾಯ್ತು. ಆದರೆ ಉಕ್ರೇನ್‌ನಲ್ಲಿ ಮನೆಗಳು ಉರುಳುತ್ತಿದ್ದವು. ಜನ ಕೇಳಿದರು, ಈ ಹಡಗು, ಬಂಗಲೆಗಳನ್ನು ಸುಮ್ಮನೆ ಬೀಗ ಹಾಕಿ ಇಟ್ಟರೆ ಏನು ಬಂತು? ಮಾರಿ ಸಂತ್ರಸ್ತರಿಗೆ ಕೊಡಿ. ಕೇಳೋಕೆ ನ್ಯಾಯವಾಗಿಯೇ ಇದೆ, ಅಲ್ವಾ?

ಅಮೆರಿಕದ ಸಂಸದರಿಗೂ ಹಾಗೇ ಅನ್ನಿಸಿತು. ಉಕ್ರೇನ್ ಪುನರ್‌ನಿರ್ಮಾಣಕ್ಕಾಗಿ ಆಸ್ತಿ ವಶ ಎಂಬ ಮಸೂದೆ ಬಂತು. ಡೆಮಾಕ್ರಟಿಕ್ ಪಕ್ಷದ ಟಾಮ್ ಮಲಿನೋವ್‌ಸ್ಕಿ, ರಿಪಬ್ಲಿಕನ್ ಪಕ್ಷದ ಜೋ ವಿಲ್ಸನ್ ಜೊತೆಯಾಗಿ ತಂದದ್ದು. 2022ರ ಏಪ್ರಿಲ್ 27ರಂದು ಕೆಳಮನೆಯಲ್ಲಿ ಮತದಾನ. ಪರ 417, ವಿರುದ್ಧ ಬರೀ 8. ಎರಡೂ ಪಕ್ಷಗಳು ಹೀಗೆ ಒಂದಾಗುವುದು ಅಲ್ಲಿ ಅಪರೂಪ.

ಆದರೆ ಆ ಸಂಖ್ಯೆಯ ಹಿಂದೆ ಒಂದು ವಿಷಯ ಇದೆ. ಮತಕ್ಕೆ ಬರುವ ಹೊತ್ತಿಗೆ ಮಸೂದೆಯ ಹಲ್ಲು ಕಿತ್ತಾಗಿತ್ತು. ಮೊದಲ ಕರಡಿನಲ್ಲಿ ಅಧ್ಯಕ್ಷರಿಗೆ ನೇರ ಅಧಿಕಾರ ಇತ್ತು: ಆಸ್ತಿ ಜಪ್ತಿ ಮಾಡಿ, ಮಾರಿ, ಉಕ್ರೇನ್‌ಗೆ ಕೊಡಿ. ಇದಕ್ಕೆ ಅಡ್ಡ ನಿಂತಿದ್ದು ಪುಟಿನ್ ಬೆಂಬಲಿಗರಲ್ಲ. ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು. ಅವರು ಹೇಳಿದ್ದು ಇಷ್ಟೇ. ಸಂವಿಧಾನದ ಐದನೇ ತಿದ್ದುಪಡಿ ಪ್ರಕಾರ ಸೂಕ್ತ ಕಾನೂನು ಪ್ರಕ್ರಿಯೆ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಮಾಲೀಕನಿಗೆ ಕೋರ್ಟ್‌ನಲ್ಲಿ ಪ್ರಶ್ನಿಸುವ ಅವಕಾಶವೇ ಇಲ್ಲದ ಕಾನೂನು ನಾಳೆ ನ್ಯಾಯಾಲಯದಲ್ಲಿ ಬಿದ್ದುಹೋಗುತ್ತದೆ. ಆಗ ಗೆಲ್ಲುವುದು ಯಾರು? ಅದೇ ಆಲಿಗಾರ್ಕ್! ಹಾಗಾಗಿ ಮಸೂದೆ ಬದಲಾಯಿತು. ಅಧಿಕಾರ ಕೊಡುವ ಬದಲು, ಯಾವ ದಾರಿಯಲ್ಲಿ ಜಪ್ತಿ ಸಾಧ್ಯ ಅಂತ ಒಂದು ಗುಂಪು ಕೂತು ಯೋಚಿಸಲಿ ಎಂಬಲ್ಲಿಗೆ ಬಂದು ನಿಂತಿತು.

ಹಾಗಂತ ಅಮೆರಿಕ ಎಂದೂ ಜಪ್ತಿ ಮಾಡಿಲ್ಲ ಅಂತಲ್ಲ. 2003ರಲ್ಲಿ ಇರಾಕ್ ಸರ್ಕಾರದ ಸುಮಾರು 170 ಕೋಟಿ ಡಾಲರ್ ಹಣವನ್ನು ಜಾರ್ಜ್ ಬುಷ್ ಒಂದೇ ಆದೇಶದಲ್ಲಿ ತೆಗೆದುಕೊಂಡಿದ್ದರು. ಆದರೆ ಆಗ ಅಮೆರಿಕ ನೇರವಾಗಿ ಯುದ್ಧದಲ್ಲಿತ್ತು. 2001ರಲ್ಲಿ ತಿದ್ದಿದ ಕಾನೂನು ಆ ಅಧಿಕಾರ ಕೊಡುವುದು ಅಂಥ ಸಂದರ್ಭಕ್ಕೆ ಮಾತ್ರ. ರಷ್ಯಾ ಜೊತೆ ಅಮೆರಿಕ ಯುದ್ಧದಲ್ಲಿ ಇರಲಿಲ್ಲ. ಬಾಗಿಲು ಮುಚ್ಚಿತ್ತು.

ಉಳಿದದ್ದು ಹಳೆಯ ದಾರಿ. ಅಪರಾಧ ತೋರಿಸಿ, ಕೋರ್ಟ್‌ಗೆ ಹೋಗಿ, ಆದೇಶ ತನ್ನಿ. ಕಾನ್‌ಸ್ಟಂಟೀನ್ ಮಾಲೊಫೆಯೆವ್ ಎಂಬ ರಷ್ಯಾದ ಮಾಧ್ಯಮ ಉದ್ಯಮಿ ನಿರ್ಬಂಧ ಮುರಿದು ಅಮೆರಿಕದ ಖಾತೆಯಿಂದ ಹಣ ಸಾಗಿಸಲು ಹೊರಟ ಆರೋಪ ಇತ್ತು. ಆ ಖಾತೆಯ 54 ಲಕ್ಷ ಡಾಲರ್ ಕೋರ್ಟ್ ಮೂಲಕ ಜಪ್ತಿಯಾಯಿತು. 2022ರ ಕೊನೆಯಲ್ಲಿ ಬಂದ ಹೊಸ ಕಾನೂನಿನ ಬಲದಿಂದ 2023ರಲ್ಲಿ ಅದು ಉಕ್ರೇನ್‌ನ ಯೋಧರ ನೆರವಿಗೆ ಹೋಯಿತು. ಆಲಿಗಾರ್ಕ್ ಒಬ್ಬನಿಂದ ಜಪ್ತಿಯಾದ ಹಣ ಅಮೆರಿಕದಿಂದ ಉಕ್ರೇನ್ ತಲುಪಿದ್ದು ಅದೇ ಮೊದಲು.

ಈಗ ಮತ್ತೆ ಅಮೇಡಿಯಾ ಹತ್ತಿರ ಬನ್ನಿ. ಅಮೆರಿಕ ಹೇಳಿತು, ಇದು 2018ರಿಂದಲೇ ನಿರ್ಬಂಧದ ಪಟ್ಟಿಯಲ್ಲಿರುವ ಸುಲೈಮಾನ್ ಕೆರಿಮೊವ್ ಹಡಗು. ಇನ್ನೊಬ್ಬರು ಬಂದು ಹೇಳಿದರು, ಇಲ್ಲ ಸ್ವಾಮಿ, ಇದು ನನ್ನದು. ಅವರು ಎಡ್ವರ್ಡ್ ಖುದೈನಾತೊವ್, ರಷ್ಯಾದ ರೋಸ್‌ನೆಫ್ಟ್ ತೈಲ ಕಂಪನಿಯ ಹಿಂದಿನ ಮುಖ್ಯಸ್ಥ. ಅವರ ಮೇಲೆ ಅಮೆರಿಕದ ನಿರ್ಬಂಧ ಇರಲಿಲ್ಲ. ಒಂದು ಕಂಪನಿಯ ಒಳಗೆ ಇನ್ನೊಂದು ಕಂಪನಿ, ಅದರ ಹಿಂದೆ ಒಂದು ಟ್ರಸ್ಟ್. ಈರುಳ್ಳಿ ಸಿಪ್ಪೆ ಸುಲಿದ ಹಾಗೆ. ಬೇನಾಮಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಕೇಸು ನಡೆಯುವಾಗ ಹಡಗು ಸ್ಯಾನ್ ಡಿಯಾಗೋದಲ್ಲಿ ನಿಂತಿತ್ತು. ಉಪ್ಪುನೀರಿನಲ್ಲಿ ನಿಂತ ಯಂತ್ರ ಸುಮ್ಮನೆ ಇರುವುದಿಲ್ಲ, ತುಕ್ಕು ಹಿಡಿಯುತ್ತದೆ. ನಿರ್ವಹಣೆಗೆ ತಿಂಗಳಿಗೆ ಸುಮಾರು 6 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 5 ಕೋಟಿ ರೂಪಾಯಿ ಹತ್ತಿರ! ಕೊಟ್ಟವರು ಅಮೆರಿಕದ ತೆರಿಗೆದಾರರು. ಫಿಜಿ ನ್ಯಾಯಾಲಯ ಹಡಗನ್ನು ಬೇಗ ಬಿಟ್ಟುಕೊಟ್ಟಿದ್ದೂ ಈ ಖರ್ಚು ತನ್ನ ದೇಶದ ತಲೆ ಮೇಲೆ ಬರುತ್ತದೆ ಎಂಬ ಕಾರಣಕ್ಕೇ. ಕಡೆಗೆ 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್, ಖುದೈನಾತೊವ್ ನಿಜವಾದ ಮಾಲೀಕ ಅಲ್ಲ ಎಂದಿತು. ಅದೇ ವರ್ಷ ಹಡಗು ಹರಾಜಿಗೆ ಬಂತು. ಆದರೆ ಇದೇ ಕೆಲಸಕ್ಕೆ ಕಟ್ಟಿದ ಕ್ಲೆಪ್ಟೋಕ್ಯಾಪ್ಚರ್ ತಂಡವನ್ನು 2025ರ ಫೆಬ್ರುವರಿಯಲ್ಲೇ ಟ್ರಂಪ್ ಸರ್ಕಾರ ವಿಸರ್ಜಿಸಿಬಿಟ್ಟಿತ್ತು.

ಕೆನಡಾ ಬೇರೆ ದಾರಿ ಹಿಡಿಯಿತು. 2022ರ ಜೂನ್‌ನಲ್ಲಿ ಕಾನೂನು ತಿದ್ದಿ, ನಿರ್ಬಂಧಿತರ ಆಸ್ತಿಯನ್ನು ಜಪ್ತಿ ಮಾಡುವ ಅಧಿಕಾರ ಪಡೆದ ಮೊದಲ ಜಿ-7 ದೇಶ ಅದು. ಅಲ್ಲಿ ಮಾಲೀಕ ಅಪರಾಧ ಮಾಡಿದ್ದಾನೆ ಅಂತ ಸಾಬೀತು ಮಾಡಬೇಕಿಲ್ಲ. ಆಸ್ತಿ ನಿರ್ಬಂಧಿತ ವ್ಯಕ್ತಿಯದ್ದು ಅಂತ ತೋರಿಸಿದರೆ ಸಾಕು. ಆದರೆ ಕಡೇ ಮಾತು ನ್ಯಾಯಾಧೀಶರದ್ದೇ. ಡಿಸೆಂಬರ್‌ನಲ್ಲಿ ರೋಮನ್ ಅಬ್ರಮೊವಿಚ್‌ಗೆ ಸೇರಿದ್ದು ಎನ್ನಲಾದ ಕಂಪನಿಯ 2.6 ಕೋಟಿ ಡಾಲರ್ ಮೇಲೆ ಮೊದಲ ಆದೇಶ. 2023ರ ಜೂನ್‌ನಲ್ಲಿ ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದ ಆಂಟನೊವ್-124 ಎಂಬ ರಷ್ಯಾದ ದೈತ್ಯ ಸರಕು ವಿಮಾನದ ವಶ. ಅದು ಬಂದಿದ್ದು ಕೋವಿಡ್ ಟೆಸ್ಟ್ ಕಿಟ್ ಹೊತ್ತುಕೊಂಡು. ಕಾನೂನು ವೇಗವಾಗಿ ಬಂತು, ಕೋರ್ಟಿನ ಕೆಲಸ ಮಾತ್ರ ತನ್ನದೇ ವೇಗದಲ್ಲಿ ಸಾಗಿತು.

ಬ್ರಿಟನ್‌ನದ್ದು ಇನ್ನೊಂದು ಕಥೆ. ಅದೇ ಅಬ್ರಮೊವಿಚ್ ಚೆಲ್ಸಿ ಫುಟ್‌ಬಾಲ್ ಕ್ಲಬ್ಬನ್ನು 2022ರ ಮೇನಲ್ಲಿ 250 ಕೋಟಿ ಪೌಂಡ್‌ಗೆ ಮಾರಿದರು. ದುಡ್ಡು ಯುದ್ಧ ಸಂತ್ರಸ್ತರಿಗೆ ಅಂತ ಅವರೇ ಹೇಳಿದ್ದರು. ಆದರೆ ಉಕ್ರೇನ್‌ನೊಳಗಿನ ಸಂತ್ರಸ್ತರಿಗೆ ಮಾತ್ರವಾ, ಎಲ್ಲಾ ಸಂತ್ರಸ್ತರಿಗಾ ಎಂಬ ಜಗಳದಲ್ಲಿ ಆ ಹಣ ವರ್ಷಗಟ್ಟಲೆ ಬ್ಯಾಂಕ್ ಖಾತೆಯಲ್ಲೇ ಕೂತಿತು. ಸ್ವಿಟ್ಜರ್‌ಲೆಂಡ್ ಸರ್ಕಾರವಂತೂ 2023ರ ಫೆಬ್ರುವರಿಯಲ್ಲಿ ನೇರವಾಗಿ ಹೇಳಿಬಿಟ್ಟಿತು: ಕಾನೂನುಬದ್ಧವಾಗಿ ಬಂದ ಖಾಸಗಿ ಆಸ್ತಿಯನ್ನು ಪರಿಹಾರ ಕೊಡದೆ ಜಪ್ತಿ ಮಾಡುವುದು ನಮ್ಮ ಸಂವಿಧಾನಕ್ಕೆ ವಿರುದ್ಧ.

ಹಡಗು, ಬಂಗಲೆ ಎಲ್ಲಾ ಸೇರಿಸಿದರೂ ಚಿಲ್ಲರೆ. ದೊಡ್ಡ ಗಂಟು ಇರುವುದು ರಷ್ಯಾದ ಕೇಂದ್ರ ಬ್ಯಾಂಕಿನದ್ದು. ಸುಮಾರು 30,000 ಕೋಟಿ ಡಾಲರ್ ವಿದೇಶಗಳಲ್ಲಿ ಸ್ತಂಭನವಾಗಿದೆ. ಅದರ ಬಹುಪಾಲು ಬ್ರಸೆಲ್ಸ್‌ನ ಯೂರೋಕ್ಲಿಯರ್ ಸಂಸ್ಥೆಯಲ್ಲಿ. 2024ರ ಏಪ್ರಿಲ್ 24ರಂದು ಜೋ ಬೈಡನ್ ಸಹಿ ಹಾಕಿದ 'ರೆಪೋ' ಕಾನೂನು ರಷ್ಯಾ ಸರ್ಕಾರದ ಆಸ್ತಿ ಜಪ್ತಿಗೆ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತು. ಆದರೆ ಅಮೆರಿಕದಲ್ಲಿ ಇರುವುದು 500 ಕೋಟಿ ಡಾಲರ್ ಆಸುಪಾಸು. ಯುರೋಪ್ ಅಸಲು ಮುಟ್ಟಲು ಹೆದರಿತು, ಬಡ್ಡಿ ಮುಟ್ಟಿತು. ಯೂರೋಕ್ಲಿಯರ್‌ಗೆ 2024ರಲ್ಲಿ ಈ ಹಣದಿಂದ ಬಂದ ಬಡ್ಡಿಯೇ 690 ಕೋಟಿ ಯೂರೋ. ಅಂಥ ಲಾಭವನ್ನೇ ನೆಚ್ಚಿಕೊಂಡು ಜಿ-7 ದೇಶಗಳು ಉಕ್ರೇನ್‌ಗೆ 5,000 ಕೋಟಿ ಡಾಲರ್ ಸಾಲ ಕೊಡಲು 2024ರ ಜೂನ್‌ನಲ್ಲಿ ಒಪ್ಪಿದವು. ಹಸು ಮಾರಲಿಲ್ಲ, ಹಾಲು ಕರೆದುಕೊಂಡರು.

ಯಾಕೆ ಹೆದರಿಕೆ? ಒಂದು ದೇಶದ ಹಣವನ್ನು ಇನ್ನೊಂದು ದೇಶ ನುಂಗಿದರೆ, ನಾಳೆ ನಮ್ಮ ಹಣದ ಗತಿ ಏನು ಅಂತ ಮೂರನೇ ದೇಶ ಕೇಳುತ್ತದೆ. ಆ ಮೂರನೇ ದೇಶಗಳ ಸಾಲಿನಲ್ಲಿ ಭಾರತವೂ ಇದೆ. ನಮ್ಮ ವಿದೇಶಿ ವಿನಿಮಯ ಮೀಸಲಿನ ಬಹುಪಾಲು ಹೊರಗಿನ ಬಾಂಡ್, ಠೇವಣಿಗಳಲ್ಲೇ ಇರುವುದು.

ನಮ್ಮಲ್ಲೂ ಇಂಥ ಕಾನೂನು ಇದೆ. 2018ರ ಪರಾರಿಯಾದ ಆರ್ಥಿಕ ಅಪರಾಧಿಗಳ ಕಾಯ್ದೆ. 100 ಕೋಟಿ ರೂಪಾಯಿಗೂ ಮೇಲಿನ ಪ್ರಕರಣ, ವಾರಂಟ್ ಇದ್ದೂ ದೇಶಕ್ಕೆ ಬರುವುದಿಲ್ಲ ಅಂದರೆ ವಿಶೇಷ ಕೋರ್ಟ್ ಆಸ್ತಿ ಜಪ್ತಿ ಮಾಡಬಹುದು. ಶಿಕ್ಷೆ ಆಗುವ ತನಕ ಕಾಯಬೇಕಿಲ್ಲ. 2019ರ ಜನವರಿಯಲ್ಲಿ ಈ ಪಟ್ಟ ಮೊದಲು ಸಿಕ್ಕಿದ್ದು ನಮ್ಮ ಬೆಂಗಳೂರಿನ ವಿಜಯ್ ಮಲ್ಯಗೆ. ಇ.ಡಿ. ಹಿಡಿದ ಮಲ್ಯ ಆಸ್ತಿಯಲ್ಲಿ 14,131 ಕೋಟಿ ರೂಪಾಯಿಯಷ್ಟನ್ನು ಸರ್ಕಾರಿ ಬ್ಯಾಂಕುಗಳಿಗೆ ಮರಳಿಸಿದ್ದೇವೆ ಎಂದು 2024ರ ಡಿಸೆಂಬರ್‌ನಲ್ಲಿ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ ಹೇಳಿದರು. ಅದಾಗಿ ಎರಡೇ ತಿಂಗಳು. ಬಾಕಿಗಿಂತ ಜಾಸ್ತಿ ವಸೂಲಾಗಿದೆ, ಲೆಕ್ಕ ಕೊಡಿಸಿ ಅಂತ ಮಲ್ಯ ಕಡೆಯವರು ಕರ್ನಾಟಕ ಹೈಕೋರ್ಟ್ ಬಾಗಿಲು ತಟ್ಟಿದರು. ನಿಮಗೆ ಸಿಟ್ಟು ಬರಬಹುದು. ಆದರೆ ಓಡಿಹೋದವನಿಗೂ ಲೆಕ್ಕ ಕೇಳುವ ಬಾಗಿಲು ತೆರೆದಿದೆಯಲ್ಲ, ಆ ಬಾಗಿಲೇ ನಾಳೆ ನನಗೂ ನಿಮಗೂ ಬೇಕಾಗುವುದು.

ಹಾಗಾದರೆ ಸಂತ್ರಸ್ತರಿಗೆ ಏನು ಉತ್ತರ? 2025ರ ಫೆಬ್ರುವರಿಯ ಅಂದಾಜಿನ ಪ್ರಕಾರ ಉಕ್ರೇನನ್ನು ಮತ್ತೆ ಕಟ್ಟಲು ಹತ್ತು ವರ್ಷದಲ್ಲಿ 52,400 ಕೋಟಿ ಡಾಲರ್ ಬೇಕು. ವಿಶ್ವಬ್ಯಾಂಕ್, ಯುರೋಪ್ ಒಕ್ಕೂಟ, ವಿಶ್ವಸಂಸ್ಥೆ, ಉಕ್ರೇನ್ ಸರ್ಕಾರ ಸೇರಿ ಹಾಕಿದ ಲೆಕ್ಕ ಇದು. ಖಾರ್ಕಿವ್‌ನ ಶೆಲ್ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿಯೂ ಜೀವ ಕಳೆದುಕೊಂಡ. ಒಡೆದವನು ಕಟ್ಟಿಕೊಡಬೇಕು ಎಂಬ ಮಾತಿನಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕಟ್ಟಿಸುವ ದಾರಿಯಲ್ಲಿ ಕೋರ್ಟನ್ನು ಬದಿಗೆ ತಳ್ಳಿದರೆ, ಸರ್ಕಾರಕ್ಕೆ ಇಷ್ಟವಿಲ್ಲದವರ ಆಸ್ತಿ ಕಸಿಯುವ ಪುಟಿನ್ ಪದ್ಧತಿಗೂ ಇದಕ್ಕೂ ವ್ಯತ್ಯಾಸ ಕಡಿಮೆಯಾಗುತ್ತದೆ. ಆಲಿಗಾರ್ಕ್‌ಗಳು ದುಡ್ಡನ್ನು ಮಾಸ್ಕೋ ಬಿಟ್ಟು ಲಂಡನ್‌ನಲ್ಲಿ ಇಟ್ಟಿದ್ದೇ ಅಲ್ಲಿ ಕೋರ್ಟ್ ಇದೆ ಎಂಬ ನಂಬಿಕೆಯಿಂದ.

ಇನ್ನು ಮುಂದೆ ಟಿವಿಯಲ್ಲಿ 'ಆಸ್ತಿ ಮುಟ್ಟುಗೋಲು' ಎಂಬ ಸಾಲು ಓಡಿದಾಗ ಮೂರು ಪ್ರಶ್ನೆ ಕೇಳಿ. ಬರೀ ಸ್ತಂಭನವಾ, ಜಪ್ತಿಯಾ? ಆದೇಶ ಕೊಟ್ಟವರು ಮಂತ್ರಿಯಾ, ನ್ಯಾಯಾಧೀಶರಾ? ದುಡ್ಡು ಕೊನೆಗೆ ಯಾರ ಕೈ ಸೇರಿತು? ಮೂರಕ್ಕೂ ಉತ್ತರ ಸಿಗುವ ತನಕ ಆ ಸುದ್ದಿ ಮುಗಿದಿಲ್ಲ ಅಂತಲೇ ತಿಳಿಯಿರಿ.