ಗುಜರಿಗೆ ಹೋಗಬೇಕಿದ್ದ ಮುಸ್ತಫಾ

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಹುಡುಗರಾಗಿದ್ದ ಯಾರನ್ನಾದರೂ ‘ಮುಸ್ತಫಾ ಗೇಮ್ ಗೊತ್ತಾ?’ ಎಂದು ಕೇಳಿ ನೋಡಿ. ಮುಖ ಅರಳುತ್ತದೆ. ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಅದರ ನಾಲ್ಕು ಪಾತ್ರಗಳಲ್ಲಿ ಹಳದಿ ಟೋಪಿಯ ಮುಸ್ತಫಾನೇ ನಮ್ಮವರ ಅಚ್ಚುಮೆಚ್ಚು. ಹಾಗಾಗಿ ಆಟಕ್ಕೂ ಅವನದೇ ಹೆಸರು ಅಂಟಿಕೊಂಡಿತು. ನಾಣ್ಯ ಹಾಕಿ ನಿಂತುಕೊಂಡೇ ಆಡಬೇಕು. ಹಿಂದೆ ನಿಂತ ಐದಾರು ಮಂದಿ ಬಿಟ್ಟಿ ಸಲಹೆ ಕೊಡುತ್ತಿರುತ್ತಾರೆ!

ಅಂಥದ್ದೊಂದು ವಿಡಿಯೊ ಗೇಮ್ ಅಂಗಡಿಯನ್ನು ನನ್ನ ಸೋದರಮಾವ ಚಾಮರಾಜಪೇಟೆಯಲ್ಲಿ ನಡೆಸುತ್ತಿದ್ದರು. ಸೈಬರ್ ಕೆಫೆಗಳು ಬಂದ ಮೇಲೆ ಅದು ಮುಚ್ಚಿತು. ಉಳಿದ ಒಂದೇ ಒಂದು ಪೆಟ್ಟಿಗೆ ಹಿತ್ತಲಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಹಳೇ ಪೇಪರ್ ಹೊತ್ತುಕೊಂಡು ನಿಂತಿತ್ತು. ಕಳೆದ ವರ್ಷ ಮನೆಯನ್ನು ಬಿಲ್ಡರ್‌ಗೆ ಕೊಡುವ ಮಾತಾಯಿತು. ಎರಡು ತಿಂಗಳಲ್ಲಿ ಶೆಡ್ಡು ಖಾಲಿ ಮಾಡಬೇಕು. ‘ಗುಜರಿಯವನಿಗೆ ಹೇಳಿದೀನಿ ಕಣೋ, ತೂಕಕ್ಕೆ ತಗೋತಾನಂತೆ’ ಎಂದರು ಮಾವ. ಹೇಳುವಾಗ ಪೆಟ್ಟಿಗೆಯ ಕಡೆ ನೋಡಲಿಲ್ಲ.

ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಹತ್ತು ತಿಂಗಳಾಗಿತ್ತು. ‘ಆ ಎರಡು ತಿಂಗಳು ನನಗೆ ಕೊಡಿ ಮಾವ’ ಎಂದೆ. ‘ಕೆಲಸ ಹುಡುಕೋ ವಯಸ್ಸಲ್ಲಿ ಆಟದ ಡಬ್ಬ ಬೇಕಾ ನಿಂಗೆ?’ ಎಂದರು ಅಪ್ಪ. ಬೆಳಿಗ್ಗೆ ಅರ್ಜಿ ಹಾಕುವುದು, ಮಧ್ಯಾಹ್ನದ ಮೇಲೆ ಪೆಟ್ಟಿಗೆ ಎಂದು ಒಪ್ಪಂದವಾಯಿತು.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದದ್ದು ಪಿಕ್ಚರ್ ಟ್ಯೂಬಿನ ವಿಷಯ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟ್‌ಗೂ ಹೆಚ್ಚು ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಯೂಟ್ಯೂಬ್ ನೋಡಿ ಮುಟ್ಟುವ ವಸ್ತು ಅದಲ್ಲ. ನಮ್ಮ ಬೀದಿಯಲ್ಲೇ ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕರೆತಂದೆ. ಅವರು ಟ್ಯೂಬನ್ನು ಡಿಸ್‌ಚಾರ್ಜ್ ಮಾಡಿ, ಬೋರ್ಡಿನಲ್ಲಿ ಉಬ್ಬಿದ ಕೆಪಾಸಿಟರ್‌ಗಳನ್ನು ಬೆರಳಿಟ್ಟು ತೋರಿಸಿದರು. ಎಸ್.ಪಿ. ರಸ್ತೆಯಿಂದ ಹೊಸವು ತಂದು ಬೆಸುಗೆ ಹಾಕಿದಾಗ ಪಕ್ಕದಲ್ಲೇ ಕುಳಿತಿದ್ದರು. ‘ಈಗಿನ ಟಿವಿಯಲ್ಲಿ ರಿಪೇರಿ ಅಂದ್ರೆ ಬೋರ್ಡೇ ಬದಲಾಯಿಸೋದು, ಯಾರೂ ಕೇಳಲ್ಲ’ ಎಂದರು.

ಗೆಳೆಯರು ‘ಎಲ್‌ಸಿಡಿ ಹಾಕು, ಒಳಗೊಂದು ರಾಸ್ಪ್‌ಬೆರಿ ಪೈ ಇಡು, ಮುಗೀತು’ ಎಂದಿದ್ದರು. ಸುಲಭ ನಿಜ. ಆದರೆ ಹಳೆಯ ಬೋರ್ಡ್ ಸತ್ತಿದೆ ಎಂದು ಖಾತ್ರಿಯಾಗದೆ ಅದನ್ನು ಎಸೆಯುವುದು ಹೇಗೆ? ಈ ಬೋರ್ಡುಗಳು ಪೆಟ್ಟಿಗೆಗೆ ಸೇರುವುದು ‘ಜಮ್ಮಾ’ ಎಂಬ 56 ಪಿನ್ನುಗಳ ಕನೆಕ್ಟರ್‌ನಿಂದ. 1985ರಲ್ಲಿ ಜಪಾನಿನಲ್ಲಿ ಬಂದ ಮಾದರಿ ಅದು. ಒಂದೇ ಪೆಟ್ಟಿಗೆಯಲ್ಲಿ ಬೋರ್ಡ್ ಬದಲಿಸಿ ಬೇರೆ ಆಟ ಹಾಕಲು ಸಾಧ್ಯವಾಗಿದ್ದು ಅದರಿಂದಲೇ. ಕಪ್ಪಾಗಿದ್ದ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದೆ. ಪವರ್ ಸಪ್ಲೈ ಸರಿಯಾಗಿ 5 ವೋಲ್ಟ್ ಕೊಡುತ್ತಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿದ ಮೇಲಷ್ಟೇ ಬೋರ್ಡ್ ಜೋಡಿಸಿದ್ದು.

ಮರದ ಕೆಲಸವೇ ಹೆಚ್ಚು ದಿನ ಹಿಡಿಯಿತು. ತಳದ ಪ್ಲೈವುಡ್ ನೀರು ಕುಡಿದು ಪದರ ಬಿಟ್ಟಿತ್ತು. ಅಷ್ಟನ್ನು ಕತ್ತರಿಸಿ ಹೊಸ ತುಂಡು ಕೂರಿಸಿದೆವು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಒಣ ಉಜ್ಜಾಟ ಬೇಡ. ಮಾಸ್ಕ್ ಹಾಕಿ, ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿಕೊಂಡು ಉಜ್ಜಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಆಮೇಲೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಎನಾಮಲ್. ಮಳೆಗಾಲವಾದ್ದರಿಂದ ಪ್ರತಿ ಕೋಟ್ ಒಣಗಲು ಎರಡು ದಿನ ಬೇಕಾಯಿತು.

ಬಲಗಡೆಯ ಹಲಗೆಗೆ ಬಂದಾಗ ಕೈ ನಿಂತಿತು. ಅದರ ತುಂಬ ಕೈವಾರದ ಮೊನೆಯಿಂದ ಗೀಚಿದ ಹೆಸರುಗಳು, ಸ್ಕೋರುಗಳು. ಹುಡುಗರು ಹೀಗೆ ಗೀಚಿದ್ದಕ್ಕೆ ಮಾವ ಎಷ್ಟು ಬೈಯುತ್ತಿದ್ದರೆಂದು ಅಮ್ಮ ಹೇಳಿದ್ದರು. ಈಗ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದತೊಡಗಿದರು. ಇವನು ಆಸ್ಟ್ರೇಲಿಯಾದಲ್ಲಿದ್ದಾನೆ, ಇವನದು ಹನುಮಂತನಗರದಲ್ಲಿ ದಿನಸಿ ಅಂಗಡಿ, ಇವನು ಕೋವಿಡ್‌ನಲ್ಲಿ ಹೋದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ಕಡೆ ಬಣ್ಣ ಬೇಡ ಬಿಡು’ ಎಂದರು. ಆ ಬದಿಯನ್ನು ಒರೆಸಿ, ಬಣ್ಣವಿಲ್ಲದ ವಾರ್ನಿಷ್ ಮಾತ್ರ ಹೊಡೆದೆ. ಪೆಟ್ಟಿಗೆಯ ಎಡಭಾಗ ಈಗ ಹೊಳೆಯುವ ಕೆಂಪು, ಬಲಭಾಗ ಹಾಗೇ ಇದೆ.

ಹೊಸ ಜಾಯ್‌ಸ್ಟಿಕ್, ಬಟನ್, ಪ್ಲೈವುಡ್, ಬಣ್ಣ ಎಲ್ಲ ಸೇರಿ ಖರ್ಚು ₹6,000 ದಾಟಲಿಲ್ಲ. ಟ್ಯೂಷನ್ ಹೇಳಿ ಗಳಿಸಿದ ದುಡ್ಡು ಸಾಕಾಯಿತು. ಶೆಡ್ಡು ಕೆಡವುವ ನಾಲ್ಕು ದಿನ ಮೊದಲು ಸ್ವಿಚ್ ಹಾಕಿದೆವು. ಟ್ಯೂಬು ನಿಧಾನಕ್ಕೆ ಬಿಸಿಯಾಗಿ ಚಿತ್ರ ಮೂಡಿತು. ಮೊದಲ ಆಟ ಮಾವನದು. ಮೊದಲ ಹಂತ ದಾಟಲಿಲ್ಲ ಅನ್ನಿ! ಈಗ ಅದು ನಮ್ಮ ನಡುಮನೆಯಲ್ಲಿ, ಫ್ರಿಜ್ಜಿನ ಪಕ್ಕ ಇದೆ.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಆದರೆ ಮೊನ್ನೆಯ ಇಂಟರ್‌ವ್ಯೂನಲ್ಲಿ ‘ನೀವೇ ಕೈಯಾರೆ ಮಾಡಿದ್ದು ಏನಾದರೂ ಇದೆಯಾ?’ ಎಂದಾಗ ಫೈನಲ್ ಇಯರ್ ಪ್ರಾಜೆಕ್ಟ್ ಬಿಟ್ಟು ಈ ಪೆಟ್ಟಿಗೆಯ ಬಗ್ಗೆ ಹೇಳಿದೆ. ಯಾವ ವೈರ್ ಯಾವುದೆಂದು ಹೇಗೆ ಗುರುತು ಹಚ್ಚಿದೆ, ದೋಷ ಎಲ್ಲಿದೆ ಎಂದು ಹೇಗೆ ಹುಡುಕಿದೆ ಎಂದೆಲ್ಲ ಅರ್ಧ ಗಂಟೆ ಕೇಳಿದರು. ಉತ್ತರಿಸುವಾಗ ಒಮ್ಮೆಯೂ ತಡವರಿಸಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ರೇಡಿಯೊ, ಟೇಪ್ ರೆಕಾರ್ಡರ್, ಹೊಲಿಗೆ ಯಂತ್ರ ಏನಾದರೂ ಇದ್ದೀತು. ಬಿಚ್ಚುವ ಮುನ್ನ ಫೋಟೊ ತೆಗೆಯಿರಿ, ವೈರುಗಳಿಗೆ ಚೀಟಿ ಅಂಟಿಸಿ. ಅದಕ್ಕೂ ಮೊದಲು ನಿಮ್ಮ ಬೀದಿಯ ಹಳೆಯ ಮೆಕ್ಯಾನಿಕ್ ಯಾರೆಂದು ವಿಚಾರಿಸಿ, ಇವತ್ತೇ ಹೋಗಿ ಮಾತಾಡಿಸಿ. ಬಿಡಿಭಾಗ ಎಸ್.ಪಿ. ರಸ್ತೆಯಲ್ಲಿ ನಾಳೆಯೂ ಸಿಕ್ಕೀತು, ಅವರಿಗೆ ಗೊತ್ತಿರುವುದು ಮಾತ್ರ ಅಲ್ಲಿ ಸಿಗುವುದಿಲ್ಲ.