ಮೊದಲ ವಾದ್ಯ ಯಾವುದು?

ಫಸ್ಟ್ ಇಯರ್‌ನಲ್ಲಿ ಆಸೆಪಟ್ಟು ಗಿಟಾರ್ ತಗೊಂಡೆ. ಎರಡು ವಾರ ಬೆರಳು ನೋಯ್ತು, ಆಮೇಲೆ ಗಿಟಾರ್ ಮಂಚದ ಕೆಳಗೆ ಸೇರ್ತು. ಯೋಚನೆ ಮಾಡದೆ ಆರಿಸಿದ್ದೇ ತಪ್ಪಾಯ್ತು.

ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಬೆರಳ ತುದಿ ಗಟ್ಟಿಯಾಗುವವರೆಗೆ ನೋವು ಇದ್ದದ್ದೇ. ಯುಕುಲೇಲಿಗೆ 4 ನೈಲಾನ್ ತಂತಿ. ಸಿ ಕಾರ್ಡ್‌ಗೆ ಒಂದೇ ಬೆರಳು ಸಾಕು. ಕೀಬೋರ್ಡ್‌ನಲ್ಲಿ ಕೀ ಒತ್ತಿದ್ರೆ ಸ್ವರ ಸರಿಯಾಗೇ ಬರುತ್ತೆ, ಹೆಡ್‌ಫೋನ್ ಹಾಕಿದ್ರೆ ರೂಮ್‌ಮೇಟ್ ನಿದ್ದೆ ಕೆಡಲ್ಲ. ಕೊಳಲು ಬ್ಯಾಗ್‌ನಲ್ಲೇ ಹಿಡಿಯುತ್ತೆ, ಆದರೆ ಮೊದಮೊದಲು ಬರೋದು ಬರೀ ಗಾಳಿ.

ಹಾಗಂತ ಸುಲಭದ್ದನ್ನೇ ಆರಿಸಬೇಕಿಲ್ಲ. ಹಾಡು ಕೇಳುವಾಗ ನಿಮ್ಮ ಕಿವಿ ಯಾವ ವಾದ್ಯದ ಹಿಂದೆ ಹೋಗುತ್ತೋ ಅದನ್ನೇ ಕಲಿಯಿರಿ. ಕಷ್ಟ ಆದ್ರೂ ಬಿಡಲ್ಲ. ನನ್ನ ಕಿವಿ ಹೋಗಿದ್ದು ಕೊಳಲಿನ ಹಿಂದೆ. ಹತ್ತನೇ ದಿನ ಒಂದು ‘ಸ’ ಬಂತು!

ಕೊಳ್ಳೋ ಮುಂಚೆ ಗೆಳೆಯರದ್ದು ನುಡಿಸಿ ನೋಡಿ. ನನ್ನ ಗಿಟಾರ್ ಮಂಚದ ಕೆಳಗೇ ಇದೆ, ಬನ್ನಿ.