ಹೊಸ ಮನೆಯ ನೆಲ: ಯಾವ ಬಿರುಕಿಗೆ ಹೆದರಬೇಕು?

ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ. ಕುಗ್ಗುವಾಗ ಮೇಲ್ಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಆದ್ದರಿಂದ ಹೊಸ ಮನೆಯ ನೆಲದಲ್ಲಿ ಗೆರೆ ಕಂಡೊಡನೆ ವ್ಯಾಪಾರ ಬಿಡಬೇಕಿಲ್ಲ. ಹಾಗೆಯೇ, ಮೇಸ್ತ್ರಿ ‘ಇದೆಲ್ಲ ಮಾಮೂಲು’ ಎಂದೊಡನೆ ತಲೆಯಾಡಿಸಲೂ ಬಾರದು. ಬಿರುಕು ಮೇಲ್ಮೈಯದೋ ಅಥವಾ ಅಡಿಯ ಮಣ್ಣು ಕೂತಿದ್ದರಿಂದ ಬಂದದ್ದೋ ಎಂಬುದನ್ನು ಮೊದಲು ತಿಳಿಯಬೇಕು.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರಿನಲ್ಲಿ ಮನೆ ಕೊಳ್ಳುವವರು ಈ ವಿಚಾರಣೆಯನ್ನು ಮಣ್ಣಿನಿಂದಲೇ ಶುರುಮಾಡುವುದು ಒಳ್ಳೆಯದು. ಚಾಮರಾಜನಗರ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯ ಹೊಲ ಕಂಡ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದೇ ಮಣ್ಣನ್ನು ತಳಪಾಯದೊಳಗೆ ತುಂಬಿದರೆ ಮೇಲಿನ ನೆಲವೂ ಅದರೊಂದಿಗೆ ಏರಿಳಿಯುತ್ತದೆ. ಕೆಂಪು ಮಣ್ಣು ಅಥವಾ ಗರಸು ತುಂಬಿದ್ದರೂ ಅರ್ಧ ಅಡಿಗೊಂದು ಪದರದಂತೆ ನೀರು ಹಾಕಿ ದಿಮ್ಮಸು ಹೊಡೆಯಬೇಕು. ಟ್ರ್ಯಾಕ್ಟರಿನಲ್ಲಿ ತಂದದ್ದನ್ನೆಲ್ಲ ಒಂದೇ ಸಲ ಸುರಿದು ಮೇಲೆ ಕಾಂಕ್ರೀಟು ಹಾಸಿದರೆ ಒಂದೆರಡು ಮಳೆಗಾಲದಲ್ಲಿ ಮಣ್ಣು ಕೂರುತ್ತದೆ, ನೆಲ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಯಾವ ಮಣ್ಣು ತುಂಬಿದರು, ಎಷ್ಟು ದಿನ ಬಿಟ್ಟು ನೆಲ ಹಾಕಿದರು ಎಂಬುದು ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ. ಕೇಳಲು ಸಂಕೋಚ ಬೇಡ.

ಬಿರುಕುಗಳ ಬಗ್ಗೆ ಭಾರತೀಯ ಮಾನಕ ಸಂಸ್ಥೆ 1984ರಲ್ಲಿ ತಂದ ಕೈಪಿಡಿ 1 ಮಿ.ಮೀ.ಗಿಂತ ಕಿರಿದಾದುದನ್ನು ತೆಳು, 1ರಿಂದ 2 ಮಿ.ಮೀ. ಇರುವುದನ್ನು ಮಧ್ಯಮ, ಅದಕ್ಕೂ ಮೀರಿದ್ದನ್ನು ಅಗಲ ಎಂದು ವಿಂಗಡಿಸುತ್ತದೆ. ಆದರೆ ನೆಲದ ಮಟ್ಟಿಗೆ ಅಗಲಕ್ಕಿಂತ ಮಟ್ಟವೇ ದೊಡ್ಡ ಸಾಕ್ಷಿ. ಬಿರುಕಿಗೆ ಅಡ್ಡಲಾಗಿ ಬೆರಳಾಡಿಸಿದಾಗ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು ಎನಿಸಿದರೆ ಅಡಿಯ ಮಣ್ಣು ಕದಲಿದೆ ಎಂದೇ ಅನುಮಾನಿಸಬೇಕು. ಸ್ಕರ್ಟಿಂಗ್ ಕೆಳಗೆ ಸಂದು ಕಾಣುವುದು, ನೆಲದ ಬಿರುಕು ಗೋಡೆಗೂ ಹತ್ತಿ ಓರೆಯಾಗಿ ಸಾಗುವುದು, ಬಾಗಿಲು ಚೌಕಟ್ಟಿಗೆ ಕಚ್ಚುವುದು, ಇವು ಜೊತೆಗೂಡಿದ್ದರೆ ಎಂಜಿನಿಯರಿಗೆ ತೋರಿಸದೆ ಮುಂದುವರಿಯಬಾರದು. ಸಂಶಯವಿದ್ದಲ್ಲಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದು, ತಿಂಗಳು ಬಿಟ್ಟು ನೋಡಬಹುದು. ಗೆರೆ ದಾಟಿದ್ದರೆ ಬಿರುಕು ಇನ್ನೂ ಬೆಳೆಯುತ್ತಿದೆ.

ಇನ್ನೊಂದು ದೋಷ ನೀರಿನ ಕೊರತೆಯದು. ಕಾಂಕ್ರೀಟು ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಹೊಸ ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆಯಾಗಿಡಬೇಕು; ಬೂದಿ ಬೆರೆತ ಸಿಮೆಂಟಾದರೆ ಅಥವಾ ಒಣ ಬಿಸಿಲಿನ ಹವೆಯಾದರೆ 10 ದಿನ. ಕೊಳವೆಬಾವಿ ಬತ್ತುವ ಬೇಸಿಗೆಯಲ್ಲಿ ಮೊದಲು ತಪ್ಪುವುದು ಈ ಕೆಲಸವೇ. ಹಾಗೆ ಸೊರಗಿದ ನೆಲವನ್ನು ಮೊಳೆಯಿಂದ ಕೆರೆದರೆ ಪುಡಿ ಏಳುತ್ತದೆ, ಎಷ್ಟು ಗುಡಿಸಿದರೂ ಧೂಳು ಮುಗಿಯುವುದಿಲ್ಲ. ನುಣುಪು ಬರಲೆಂದು ಹಸಿ ನೆಲದ ಮೇಲೆ ಒಣ ಸಿಮೆಂಟು ಉದುರಿಸಿ ಉಜ್ಜಿದ ಕಡೆ ಜೇಡರ ಬಲೆಯಂಥ ಗೆರೆಗಳೇಳುತ್ತವೆ. ಇವು ನೋಡಲು ಕೆಟ್ಟದಾದರೂ ಮನೆಗೆ ಅಪಾಯವಲ್ಲ.

ಟೈಲ್ಸ್ ಹಾಸಿದ್ದರೆ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ನಾಣ್ಯದಿಂದ ತಟ್ಟಿದಾಗ ಡೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದರೆ ವಾಟ ತಿಳಿಯುತ್ತದೆ. ಬರಿಯ ಸಿಮೆಂಟು ನೆಲವಾದರೆ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಟೇಪಿನಿಂದ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಒಳಬದಿಯಲ್ಲಿ ಹನಿ ಕಂಡರೆ ನೆಲದಡಿಯಿಂದ ತೇವ ಏರುತ್ತಿದೆ ಅಥವಾ ಕಾಂಕ್ರೀಟು ಇನ್ನೂ ಒಣಗಿಲ್ಲ.

ಮನೆ, ನಿವೇಶನಗಳ ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಪ್ರಕಾರ ಮನೆ ವಶಕ್ಕೆ ಬಂದ 5 ವರ್ಷದೊಳಗೆ ತಿಳಿಸಿದ ನಿರ್ಮಾಣ ದೋಷವನ್ನು ಕಟ್ಟಿದವರು 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ 8 ಮನೆ ಮೀರದ ಯೋಜನೆಗಳಿಗೆ ಈ ಕಾಯ್ದೆಯಡಿ ನೋಂದಣಿ ಕಡ್ಡಾಯವಿಲ್ಲ. ಊರುಗಳಲ್ಲಿ ಒಂಟಿಯಾಗಿ ಕಟ್ಟಿ ಮಾರುವ ಮನೆಗಳು ಬಹುಪಾಲು ಇದರಲ್ಲೇ ಸೇರುತ್ತವೆ. ಅಂಥ ಕಡೆ ಕೊಳ್ಳುವವರಿಗೆ ಆಸರೆ ಕರಾರುಪತ್ರವೇ. ನೆಲ ಕುಸಿದರೆ ಯಾರು, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಸರಿಪಡಿಸಬೇಕೆಂದು ಅದರಲ್ಲಿ ಬರೆಸಿಕೊಳ್ಳಿ. ಬಾಕಿ ಹಣ ಕೊಡುವ ಮುಂಚೆ, ಒಂದು ಜೋರು ಮಳೆ ಬಿದ್ದ ಮೇಲೆ, ಆ ಮನೆಯ ನೆಲವನ್ನು ಇನ್ನೊಮ್ಮೆ ಬರಿಗಾಲಲ್ಲಿ ನಡೆದು ನೋಡಿ.